ಕರಿ ಆಯಿಲ್ ಬೆಂಕಿ, ಅಮ್ಮನ ಬಚ್ಚಲೊಲೆ

ನಮ್ಮ ಗ್ಯಾರೇಜಿನ ಹಿಂದಿನ ಮಾಡಿನ ಕೆಳಗೆ 200 ಲೀಟರಿನ ಎರಡು ಬ್ಯಾರಲ್ ಇವೆ. ಎರಡರಲ್ಲೂ ಕರಿ ಆಯಿಲ್, ಅಂದರೆ ಎಂಜಿನ್ನಿನಿಂದ ಇಳಿಸಿದ ಹಳೇ ಎಣ್ಣೆ. ಬೈಕಿನಿಂದ ಒಂದು ಲೀಟರ್, ಟಿಲ್ಲರಿನಿಂದ ಎರಡು ಮೂರು, ಜೀಪಿನಿಂದ ಐದಾರು, ಹೀಗೆ ಇಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಅಪ್ಪನ ಕಾಲದಲ್ಲಿ ಅದನ್ನು ಕೇಳಿಕೊಂಡು ಬರುವವರು ಬೇಕಾದಷ್ಟು ಜನ ಇದ್ದರು. ಬೇಲಿ ಗೂಟಕ್ಕೆ ಗೆದ್ದಲು ಹತ್ತಬಾರದು ಅಂತ ಬಳಿಯಲು ಒಬ್ಬರು, ಸೆಂಟ್ರಿಂಗ್ ಶೀಟಿಗೆ ಸವರಲು ಇನ್ನೊಬ್ಬರು, ಗಾಡಿ ಅಚ್ಚಿಗೆ ಹಾಕಲು ಮತ್ತೊಬ್ಬರು. ಈಗ ಮರದ ಗೂಟ ಹೋಗಿ ಸಿಮೆಂಟ್ ಕಂಬ ಬಂದಿದೆ, ಎತ್ತಿನ ಗಾಡಿ ಊರಲ್ಲೇ ಇಲ್ಲ. ಹಾಗಾಗಿ ಬ್ಯಾರಲ್ ತುಂಬುತ್ತಲೇ ಇತ್ತು. ನನಗೆ ಅದನ್ನು ನೋಡಿದಾಗಲೆಲ್ಲ ಇಷ್ಟು ಎಣ್ಣೆ ಸುಮ್ನೆ ಕೂತಿದೆಯಲ್ಲ ಅಂತ ಅನಿಸುತ್ತಿತ್ತು.

ಇನ್ನೊಂದು ಕಡೆ ಅಮ್ಮನ ಬಚ್ಚಲೊಲೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮೂರಲ್ಲಿ ಅಷ್ಟಿಲ್ಲ, ಆದರೂ ಜೂನ್ ಹಿಡಿದರೆ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ, ಸೌದೆ ಎಲ್ಲಿಂದ ಒಣಗಬೇಕು? ಬೇಸಗೆಯಲ್ಲಿ ಎಷ್ಟೇ ಒಟ್ಟಿಟ್ಟರೂ ಆಗಸ್ಟ್ ಹೊತ್ತಿಗೆ ಸೌದೆ ಕೊಟ್ಟಿಗೆಯ ತಳದ ಹಸಿ ಕುಂಟೆಗಳೇ ಗತಿ. ಹಸಿ ಸೌದೆಯಲ್ಲಿ ಅರ್ಧ ತೂಕ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡಿದ ಮೇಲೆ ಉಳಿದ ಶಾಖ ಮಾತ್ರ ಹಂಡೆಗೆ. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 2.5 ಮೆಗಾಜೂಲ್ ಶಾಖ ಬೇಕು. ಅಮ್ಮನಿಗೆ ಮೆಗಾಜೂಲ್ ಗೊತ್ತಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಒಲೆ ಮುಂದೆ ಕೂತು ಊದುಗೊಳವೆಯಲ್ಲಿ ಊದುತ್ತಾ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವುದು ಗೊತ್ತು. ಅವಳ ಕೆಮ್ಮು ನನಗೆ ಅಲಾರಾಂ ಇದ್ದ ಹಾಗೆ. ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಆ ಕೆಮ್ಮು ಕೇಳುತ್ತಾ ಮಲಗಿದ್ದಾಗಲೇ ನಿರ್ಧಾರ ಮಾಡಿದೆ. ಬ್ಯಾರಲ್ಲಿನ ಎಣ್ಣೆಯಲ್ಲಿ ಹಂಡೆ ಕಾಯಿಸುವುದು.

ಲೆಕ್ಕ ಹಾಕಿದರೆ ಆಸೆ ಇನ್ನೂ ಹೆಚ್ಚಾಯಿತು. ಒಂದು ಲೀಟರ್ ಎಂಜಿನ್ ಆಯಿಲ್ ಪೂರ್ತಿ ಉರಿದರೆ ಸುಮಾರು 37 ಮೆಗಾಜೂಲ್ ಶಾಖ. ಚೆನ್ನಾಗಿ ಒಣಗಿದ ಸೌದೆ ಎರಡೂವರೆ ಕೆ.ಜಿ. ಉರಿದಷ್ಟು. ನಮ್ಮ ಹಂಡೆ 60 ಲೀಟರಿನದು. ಅದನ್ನು 30 ಡಿಗ್ರಿ ಏರಿಸಲು ಬೇಕಾಗಿದ್ದು ಏಳೂವರೆ ಮೆಗಾಜೂಲ್ ಮಾತ್ರ. ಮುಕ್ಕಾಲು ಪಾಲು ಶಾಖ ಆಕಾಶಕ್ಕೆ ಹೋದರೂ ಒಂದು ಲೀಟರ್ ಒಳಗೆ ಇಡೀ ಮನೆಯ ಸ್ನಾನ ಮುಗಿಯಬೇಕು. ಮೊಬೈಲಿನಲ್ಲಿ ಹುಡುಕಿದರೆ ಇಂಥ ಬರ್ನರಿನ ವಿಡಿಯೊಗಳಿಗೆ ಕೊರತೆ ಇಲ್ಲ. ಹೆಚ್ಚಿನವು ಹಿಮ ಬೀಳುವ ದೇಶಗಳವು. ಹೊರಗೆ ಮೊಣಕಾಲುದ್ದ ಹಿಮ, ಒಳಗೆ ಗ್ಯಾರೇಜಿನಲ್ಲಿ ಇಂಥದೊಂದು ಒಲೆ ಗುಂಯ್ ಅಂತ ಉರಿಯುತ್ತಿರುತ್ತದೆ, ಮೆಕ್ಯಾನಿಕ್ ಬನಿಯನ್ನಲ್ಲಿ ಕೆಲಸ ಮಾಡುತ್ತಿರುತ್ತಾನೆ. ಅವರೂ ನನ್ನಂಥವರೇ ಅಲ್ವಾ, ನನ್ನ ಕೈಯಲ್ಲಿ ಯಾಕಾಗಬಾರದು ಅಂದುಕೊಂಡೆ.

ಆದರೆ ಎಣ್ಣೆ ಸುಲಭಕ್ಕೆ ಉರಿಯುವುದಿಲ್ಲ. ಇದನ್ನು ಮೊದಲು ತಿಳಿದುಕೊಳ್ಳಬೇಕು. ಕರಿ ಆಯಿಲ್ ತುಂಬಿದ ತಟ್ಟೆಗೆ ಉರಿಯುವ ಬೆಂಕಿಕಡ್ಡಿ ಹಾಕಿ ನೋಡಿ, ಕಡ್ಡಿ ಆರಿಹೋಗುತ್ತದೆ. ದೇವರ ಮುಂದಿನ ಹಣತೆಯಲ್ಲೂ ಉರಿಯುವುದು ಎಣ್ಣೆ ಅಲ್ಲ, ಬತ್ತಿಯ ತುದಿಗೆ ಏರಿ ಬಿಸಿಯಾಗಿ ಎದ್ದ ಅದರ ಆವಿ. ಎಂಜಿನ್ ಆಯಿಲ್ 200 ಡಿಗ್ರಿ ದಾಟುವ ತನಕ ಬೆಂಕಿ ಹಿಡಿಯುವಷ್ಟು ಆವಿ ಕೊಡುವುದಿಲ್ಲ. ಎಂಜಿನ್ನಿನೊಳಗೆ ಅದು ಉರಿಯಬಾರದು ಅಂತಲೇ ಹಾಗೆ ಮಾಡಿರುತ್ತಾರೆ. ಯಕ್ಷಗಾನದ ಗ್ಯಾಸ್‌ಲೈಟ್ ಹಚ್ಚುವುದನ್ನು ನೋಡಿದವರಿಗೆ ಈ ವಿಷಯ ಬೇಗ ಅರ್ಥ ಆಗುತ್ತದೆ. ಮೊದಲು ಸ್ಪಿರಿಟ್ ಹಾಕಿ ಕೊಳವೆ ಕಾಯಿಸಬೇಕು. ಕೊಳವೆ ಕಾದ ಮೇಲೆ ಪಂಪ್ ಹೊಡೆದರೆ ಒಳಗೆ ಬಂದ ಸೀಮೆಎಣ್ಣೆ ಅಲ್ಲೇ ಆವಿಯಾಗಿ ಬೆಳಕು ಬರುತ್ತದೆ. ಕೊಳವೆ ಕಾಯುವ ಮೊದಲೇ ಅವಸರ ಮಾಡಿದರೆ ಬರೀ ಜ್ವಾಲೆ, ಮಸಿ. ಕರಿ ಆಯಿಲ್ ಬರ್ನರಿನ ಎಲ್ಲ ಕಥೆಯೂ ಇಷ್ಟೇ. ಎಣ್ಣೆಯನ್ನು ಒಂದೋ ಕಾಯಿಸಿ ಆವಿ ಮಾಡಬೇಕು, ಇಲ್ಲವೇ ಮಂಜಿನ ಹಾಗೆ ಪುಡಿ ಮಾಡಬೇಕು. ಆಮೇಲೆ ಅದಕ್ಕೆ ಸಾಕಷ್ಟು ಗಾಳಿ ಕೊಡಬೇಕು.

ಮೊದಲು ಮಾಡಿದ್ದು ಹನಿ ಬೀಳುವ ನಮೂನೆ. ಗುಜರಿಗೆ ಹಾಕಿದ್ದ ಲಾರಿಯ ಬ್ರೇಕ್ ಡ್ರಮ್ ತಂದು ತಳ ಮುಚ್ಚಿ ವೆಲ್ಡ್ ಮಾಡಿದೆ. ಮೇಲಿನಿಂದ ಕಾಲಿಂಚಿನ ತಾಮ್ರದ ಕೊಳವೆ, ಅದಕ್ಕೊಂದು ಸಣ್ಣ ವಾಲ್ವ್, ಅದರ ಮೇಲೆ ಐದು ಲೀಟರಿನ ಡಬ್ಬಿ. ಡ್ರಮ್ಮಿನಲ್ಲಿ ಸ್ವಲ್ಪ ಇದ್ದಿಲು, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆ ಹಾಕಿ ಹಚ್ಚಿ, ಕಾದ ಮೇಲೆ ಹನಿ ಬಿಟ್ಟೆ. ಹತ್ತಿತು. ಆದರೆ ಎಂಥ ಹೊಗೆ ಅಂತೀರಿ! ಕಪ್ಪಗೆ, ದಪ್ಪಗೆ, ಹಗ್ಗ ಹೊಸೆದ ಹಾಗೆ ಮೇಲೆದ್ದು ಹೋಗಿ ಪಕ್ಕದ ತೋಟದ ಮೇಲೆ ನಿಂತಿತು. ಪಕ್ಕದ ಮನೆಯ ಗೌಡರು ಗದ್ದೆ ಅಂಚಿನಿಂದಲೇ ಕೂಗಿದರು, "ಎಂತ ಮಾರಾಯ, ಟಯರ್ ಸುಡ್ತಿದೀಯಾ?" ಅಂತ. ಅವತ್ತು ಒಣಹಾಕಿದ್ದ ಬಟ್ಟೆಯನ್ನೆಲ್ಲ ಹೆಂಡತಿ ಮತ್ತೆ ಒಗೆಯಬೇಕಾಯಿತು.

ತಪ್ಪು ಗಾಳಿಯದು. ಒಂದು ಕೆ.ಜಿ. ಎಣ್ಣೆ ಪೂರ್ತಿ ಉರಿಯಬೇಕಾದರೆ ಹದಿನಾಲ್ಕು ಹದಿನೈದು ಕೆ.ಜಿ. ಗಾಳಿ ಬೇಕು. ಗಾಳಿಗೆ ತೂಕ ಇದೆ ಅಂತ ಶಾಲೆಯಲ್ಲಿ ಓದಿದ್ದರೂ ನಾವು ಯಾರೂ ಅದನ್ನು ಹಾಗೆ ಯೋಚಿಸುವುದಿಲ್ಲ. ಒಂದು ಲೀಟರ್ ಎಣ್ಣೆಗೆ ಹತ್ತು ಹನ್ನೊಂದು ಘನ ಮೀಟರ್ ಗಾಳಿ, ಅಂದರೆ ನಮ್ಮ ಬಚ್ಚಲಿನಂಥ ಕೋಣೆ ತುಂಬುವಷ್ಟು. ಅಷ್ಟು ಗಾಳಿ ತಾನಾಗೇ ಡ್ರಮ್ಮಿನೊಳಗೆ ಇಳಿಯುವುದಿಲ್ಲ. ಇಳಿದರೂ ಆವಿಯ ಜೊತೆ ಬೆರೆಯುವುದಿಲ್ಲ. ಬೆರೆಯದೆ ಉಳಿದ ಇಂಗಾಲವೇ ಆ ಕಪ್ಪು ಹಗ್ಗ. ಅಮ್ಮ ಊದುಗೊಳವೆಯಲ್ಲಿ ಊದಿದ ಕೂಡಲೇ ಹೊಗೆ ನಿಂತು ಭಗ್ಗನೆ ಉರಿ ಏಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿಯೂ ಗಮನಿಸಿರಲಿಲ್ಲ.

ಎರಡನೆಯದಕ್ಕೆ ನಾಲ್ಕಿಂಚಿನ ಕಬ್ಬಿಣದ ಪೈಪನ್ನು ಡ್ರಮ್ಮಿನ ಮೇಲೆ ನಿಲ್ಲಿಸಿದೆ. ಸುತ್ತ ಸಾಲು ಸಾಲು ತೂತು, ಹೊರಗೆ ಇನ್ನೊಂದು ದೊಡ್ಡ ಪೈಪು. ಎರಡರ ನಡುವಿನ ಸಂದಿಗೆ ಕುಲುಮೆಯ ಬ್ಲೋವರಿನ ಗಾಳಿ. ತೂತುಗಳನ್ನು ನೇರಕ್ಕೆ ಕೊರೆಯದೆ ಸ್ವಲ್ಪ ಓರೆಯಾಗಿ ಕೊರೆದೆ, ಒಳಗೆ ಹೋದ ಗಾಳಿ ಸುಳಿ ಸುತ್ತಲಿ ಅಂತ. ಮೊದಲು ನನ್ನ ಹತ್ತಿರ ಇದ್ದದ್ದು ಜಿ.ಐ. ಪೈಪು. ವೆಲ್ಡಿಂಗ್ ಶಾಪಿನ ಹಿರಿಯರೊಬ್ಬರು ನೋಡಿ ಬೇಡವೇ ಬೇಡ ಅಂದರು. ಅದರ ಮೇಲಿನ ಸತುವಿನ ಲೇಪ ಅಷ್ಟು ಶಾಖಕ್ಕೆ ಹೊಗೆಯಾಗಿ ಏಳುತ್ತದೆ, ಆ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ವೆಲ್ಡರ್‌ಗಳು ಅನುಭವಿಸಿ ಕಲಿತ ಮಾತು ಅದು. ಯಾರಾದರೂ ಇಂಥದ್ದು ಮಾಡಲು ಹೊರಟಿದ್ದರೆ ದಯವಿಟ್ಟು ನೆನಪಿಡಿ.

ಇದು ಉರಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲ ಐದು ನಿಮಿಷ ಅದೇ ಮಸಿ, ಅದೇ ನಾತ. ಪೈಪು ಕಾಯುತ್ತಾ ಹೋದ ಹಾಗೆ ಹೊಗೆ ತೆಳುವಾಯಿತು. ಒಂದು ಹಂತಕ್ಕೆ ಬಂದಾಗ ಸದ್ದು ಬದಲಾಯಿತು. ಅಲ್ಲಿಯ ತನಕ ಬುಸುಗುಡುತ್ತಿದ್ದದ್ದು ಒಂದೇ ಸಮ ಗುಂಯ್ಗುಡತೊಡಗಿತು. ಜ್ವಾಲೆ ಕಿತ್ತಳೆಯಿಂದ ಹಳದಿಗೆ, ಹಳದಿಯಿಂದ ಬೆಳ್ಳಗೆ ತಿರುಗಿತು. ಚಿಮಣಿ ನೋಡಿದೆ. ಹೊಗೆ ಇಲ್ಲ. ಬರೀ ಬಿಸಿಗಾಳಿ ಅಲೆಅಲೆಯಾಗಿ ನಡುಗುತ್ತಿದೆ, ಅದರ ಹಿಂದಿನ ಅಡಿಕೆ ಮರದ ತಲೆಗಳೂ ಅದರ ಜೊತೆ ನಡುಗುತ್ತಿವೆ. ಅಷ್ಟು ಕೊಳಕು ಎಣ್ಣೆಯಿಂದ ಅಷ್ಟು ಚೊಕ್ಕ ಬೆಂಕಿ! ಗ್ಯಾರೇಜಿನ ಹುಡುಗ "ಅಣ್ಣ, ಇದು ಜೆಟ್ ಇಂಜಿನ್ ಥರಾ ಇದೆ" ಅಂದ. ನಾವಿಬ್ಬರೂ ಊಟ ಬಿಟ್ಟು ಅದರ ಮುಂದೆ ಕೂತಿದ್ದೆವು.

ನೀರಿನ ಪಾಠ ಅದೇ ವಾರ ಆಯಿತು. ಒಗ್ಗರಣೆಗೆ ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆ ಅಂತ ಅಡುಗೆ ಮಾಡಿದ ಎಲ್ಲರಿಗೂ ಗೊತ್ತು. ನೀರು ಹಬೆಯಾದರೆ ಮೊದಲಿನ ಗಾತ್ರದ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಸೋರುವ ಮಾಡಿನ ಕೆಳಗಿನ ಬ್ಯಾರಲ್ಲಿನಲ್ಲಿ ಒಂದು ಹನಿ ಅಲ್ಲ, ಲೀಟರುಗಟ್ಟಲೆ ನೀರು ಸೇರಿತ್ತು. ಡಬ್ಬಿಯ ತಳದ ಎಣ್ಣೆ ಇಳಿಯುತ್ತಿದ್ದ ಹಾಗೆ ಡ್ರಮ್ಮಿನಿಂದ ಪಟಪಟ ಸಿಡಿದು ಉರಿಯುವ ಎಣ್ಣೆ ನನ್ನ ಮುಂಗೈ ಮೇಲೆ ಬಿತ್ತು. ಕಲೆ ಈಗಲೂ ಇದೆ. ಆಮೇಲಿನಿಂದ ಎಣ್ಣೆಯನ್ನು ಎರಡು ವಾರ ಅಲುಗಾಡಿಸದೆ ನಿಲ್ಲಿಸುವುದು, ತಳದಿಂದ ನಲ್ಲಿ ತಿರುಗಿಸಿ ನೀರು ತೆಗೆಯುವುದು, ಮೇಲಿನದನ್ನು ಮಾತ್ರ ಬಟ್ಟೆಯಲ್ಲಿ ಸೋಸುವುದು ಅಭ್ಯಾಸ ಆಯಿತು. ಇನ್ನೂ ಒಂದು ಮಾತು. ಕಾರ್ಬುರೇಟರ್ ತೊಳೆದ ಪೆಟ್ರೋಲನ್ನು ಎಷ್ಟೋ ಗ್ಯಾರೇಜುಗಳಲ್ಲಿ ಅದೇ ಬ್ಯಾರಲ್ಲಿಗೆ ಸುರಿಯುತ್ತಾರೆ. ನಮ್ಮಲ್ಲೂ ಸುರಿಯುತ್ತಿದ್ದೆವು. ಹಾಗೆ ಮಾಡಿದರೆ 200 ಡಿಗ್ರಿಗೆ ಹತ್ತಬೇಕಾದ ಎಣ್ಣೆ ಮಾಮೂಲಿ ಬಿಸಿಲಿನಲ್ಲೇ ಒಂದು ಕಿಡಿಗೆ ಹತ್ತುವ ಹಾಗೆ ಆಗುತ್ತದೆ. ಅದನ್ನು ಅವತ್ತೇ ನಿಲ್ಲಿಸಿದೆವು.

ಬರ್ನರನ್ನು ಬಚ್ಚಲಿನ ಹೊರಗೋಡೆಗೆ ಕೂರಿಸಿ, ಹಂಡೆಯ ಕೆಳಗೆ ಜ್ವಾಲೆ ಹೋಗುವ ಹಾಗೆ ಗೋಡೆಯಲ್ಲಿ ಕಂಡಿ ತೆಗೆದೆ. ಬೆಂಕಿಯ ಬಾಯಿ ಹೊರಗೆ, ಹೊಗೆ ಕೊಳವೆಯೂ ಹೊರಗೆ. ಗ್ಯಾಸ್ ಗೀಸರ್ ಇಟ್ಟ ಮುಚ್ಚಿದ ಬಚ್ಚಲಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಲ್ಲಿ ರಾಜಿ ಮಾಡಿಕೊಳ್ಳುವ ಮಾತೇ ಇರಲಿಲ್ಲ.

ನಾಲ್ಕು ದಿನ ಚೆನ್ನಾಗಿ ನಡೆಯಿತು. ಐದನೇ ದಿನ ಸಂಜೆ ಕರೆಂಟು ಹೋಯಿತು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಎಲ್ಲೋ ಒಂದು ಮರ ಬಿದ್ದಿರುತ್ತದೆ, ಬರುವಾಗ ಬರುತ್ತದೆ. ನಾನು ಗ್ಯಾರೇಜಿನಲ್ಲಿದ್ದೆ. ಬ್ಲೋವರ್ ನಿಂತಿತು, ಜ್ವಾಲೆ ಕುಗ್ಗಿ ಆರಿತು. ಆದರೆ ಡಬ್ಬಿಯಿಂದ ಎಣ್ಣೆ ಇಳಿಯುವುದಕ್ಕೆ ಕರೆಂಟು ಬೇಡವಲ್ಲ? ಹನಿ ಬೀಳುತ್ತಲೇ ಇತ್ತು, ಕೆಂಡದಂಥ ಡ್ರಮ್ಮಿನ ಮೇಲೆ. ಬೆಂಕಿ ಇಲ್ಲದೆ ಬರೀ ಆವಿ. ನಾನು ಓಡಿ ಬಂದಾಗ ಕಂಡಿಯಿಂದ ಬೆಳ್ಳನೆ ದಟ್ಟ ಹೊಗೆ ಬಚ್ಚಲೊಳಗೆ ತುಂಬಿತ್ತು. ಅಮ್ಮ ಅಡುಗೆಮನೆಯಿಂದ ಬ್ಯಾಟರಿ ಹಿಡಿದು ಬರುತ್ತಿದ್ದಳು. ಬ್ಯಾಟರಿ, ಚಿಮಣಿ ದೀಪ ಅಲ್ಲ. ಅದು ನೆನಪಾದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕಪ್ಪು ಹೊಗೆ ಉರಿದು ಉಳಿದದ್ದು. ಬಿಳಿ ಹೊಗೆ ಹಾಗಲ್ಲ, ಅದು ಇನ್ನೂ ಉರಿಯದ ಎಣ್ಣೆ. ಒಂದು ಕಿಡಿ ಸಾಕಿತ್ತು. ವಾಲ್ವ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಅಂಗಳಕ್ಕೆ ಕರೆದು, ಮಳೆಯಲ್ಲಿ ಅರ್ಧ ಗಂಟೆ ನಿಂತೆವು. ಬಿಸಿಯಾಗಿರುವಾಗ ಆರಿಹೋದ ಎಣ್ಣೆ ಒಲೆಯನ್ನು ತಕ್ಷಣ ಮತ್ತೆ ಹಚ್ಚಲು ಹೋಗಬಾರದು. ಪೂರ್ತಿ ತಣ್ಣಗಾಗುವ ತನಕ ಕಾಯಬೇಕು. ಅವತ್ತು ಯಾರೂ ಸ್ನಾನ ಮಾಡಲಿಲ್ಲ. ಅಮ್ಮ ಏನೂ ಬಯ್ಯಲಿಲ್ಲ. ಮಾರನೆಯ ಬೆಳಗ್ಗೆ ಸುಮ್ಮನೆ ಹಳೆ ಊದುಗೊಳವೆ ತೆಗೆದುಕೊಂಡು ಹಿಂದಿನ ಹಾಗೇ ಸೌದೆ ಹಚ್ಚಿದಳು.

ನನಗೆ ಬಿಡಲು ಮನಸ್ಸಾಗಲಿಲ್ಲ. ಕರೆಂಟು ಹೋದರೆ ಎಣ್ಣೆಯೂ ತಾನಾಗಿ ನಿಲ್ಲುವ ಉಪಾಯ ಬೇಕಿತ್ತು. ಹುಡುಕುತ್ತಾ ಸಿಕ್ಕಿದ್ದು ಬ್ಯಾಬಿಂಗ್ಟನ್ ನಮೂನೆ. 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಬ್ಯಾಬಿಂಗ್ಟನ್ ರೂಪಿಸಿದ್ದು. ಅದರ ಜಾಣ್ಮೆಗೆ ನಾನು ಮಾರುಹೋದೆ. ಮಾಮೂಲಿ ಸ್ಪ್ರೇ ನಾಜಲಿನಲ್ಲಿ ಎಣ್ಣೆಯನ್ನು ಸಣ್ಣ ತೂತಿನಿಂದ ಹಾಯಿಸುತ್ತಾರೆ. ಕರಿ ಆಯಿಲ್ಲಿನ ಕಸಕ್ಕೆ ಆ ತೂತು ಎರಡೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ಬ್ಯಾಬಿಂಗ್ಟನ್ ಇದನ್ನು ತಿರುಗಿಸಿಬಿಟ್ಟರು. ಒಂದು ಟೊಳ್ಳು ಗುಂಡು. ಅದರ ನೆತ್ತಿಯ ಮೇಲೆ ಎಣ್ಣೆ ಸುರಿಯುತ್ತದೆ, ಮೈಮೇಲೆಲ್ಲ ತೆಳ್ಳಗೆ ಹರಡಿ ಇಳಿಯುತ್ತದೆ, ಅಭಿಷೇಕದ ಎಣ್ಣೆ ಇಳಿದ ಹಾಗೆ. ಗುಂಡಿನ ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ತೂತು. ಅದರಿಂದ ಬರುವುದು ಗಾಳಿ ಮಾತ್ರ, ಒಳಗಿನಿಂದ ಹೊರಗೆ. ಆ ಗಾಳಿ ತೂತಿನ ಮೇಲೆ ಹಾದುಹೋಗುವ ಎಣ್ಣೆ ಪೊರೆಯನ್ನು ಹರಿದು ಮಂಜು ಮಾಡಿ ಊದುತ್ತದೆ. ಉಳಿದ ಎಣ್ಣೆ ಕೆಳಗಿನ ತೊಟ್ಟಿಗೆ ಬಿದ್ದು ಮತ್ತೆ ಪಂಪಿನಿಂದ ಮೇಲೆ ಹೋಗುತ್ತದೆ. ತೂತಿನೊಳಗೆ ಎಣ್ಣೆ ಹೋಗುವುದೇ ಇಲ್ಲ, ಕಟ್ಟಿಕೊಳ್ಳುವ ಪ್ರಶ್ನೆಯೂ ಇಲ್ಲ. ಪಂಪ್ ನಿಂತರೆ ಪೊರೆ ಇಲ್ಲ, ಬೆಂಕಿ ಇಲ್ಲ. ಕಾದ ಡ್ರಮ್ಮಿನ ಮೇಲೆ ಎಣ್ಣೆ ನಿಲ್ಲುವುದಂತೂ ಇಲ್ಲವೇ ಇಲ್ಲ.

ಗುಂಡಿಗೆ ಹಳೇ ಬಾಗಿಲಿನ ಹಿತ್ತಾಳೆ ಹಿಡಿ ಸಿಕ್ಕಿತು. 0.3 ಮಿಲಿಮೀಟರ್ ತೂತು ಕೊರೆಯುವುದು ನಮ್ಮ ಊರಿನ ಡ್ರಿಲ್ ಬಿಟ್ಟಿನ ಕೆಲಸ ಅಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸರ್ಕ್ಯೂಟ್ ಬೋರ್ಡಿಗೆ ಬಳಸುವ ಸಣ್ಣ ಬಿಟ್ಟುಗಳನ್ನು ತರಿಸಿದೆ. ಐದರಲ್ಲಿ ಮೂರು ಮುರಿದವು, ನಾಲ್ಕನೆಯದು ದಾಟಿತು. ಗಾಳಿಗೆ ಹಳೇ ಫ್ರಿಜ್ಜಿನ ಕಂಪ್ರೆಸರ್, ಹದಿನೈದು ಪೌಂಡ್ ಒತ್ತಡ ಸಾಕು. ಎಣ್ಣೆ ಎತ್ತಲು ಗುಜರಿ ಬೈಕಿನ ಆಯಿಲ್ ಪಂಪು, ಅದನ್ನು ತಿರುಗಿಸಲು ಜೀಪಿನ ವೈಪರ್ ಮೋಟಾರು. ಮೋಟಾರನ್ನು ಬೇಕೆಂದೇ ಬ್ಯಾಟರಿಗೆ ಹಾಕದೆ ಅಡಾಪ್ಟರಿನಲ್ಲಿ ಕರೆಂಟಿಗೇ ಕೊಟ್ಟೆ. ಎಣ್ಣೆ ದಪ್ಪ ಇದ್ದರೆ ಪೊರೆಯೂ ದಪ್ಪ ಆಗಿ ಮಂಜು ಸರಿಯಾಗಿ ಏಳುವುದಿಲ್ಲ. ಅದಕ್ಕೆ ತಾಮ್ರದ ಕೊಳವೆಯನ್ನು ಜ್ವಾಲೆ ಕೊಳವೆಗೆ ಎರಡು ಸುತ್ತು ಸುತ್ತಿ ಎಣ್ಣೆ ಬಿಸಿಯಾಗಿ ಬರುವ ಹಾಗೆ ಮಾಡಿದೆ. ಇಷ್ಟಕ್ಕೆ ಮೂರು ತಿಂಗಳು ಹೋಯಿತು. ಭಾನುವಾರಗಳು, ರಾತ್ರಿಗಳು, ಎಲ್ಲ. ಆ ಮೂರು ತಿಂಗಳು ನನ್ನ ಜೀವನದ ಒಳ್ಳೆಯ ದಿನಗಳು ಅಂತ ಈಗಲೂ ಹೇಳುತ್ತೇನೆ.

ಕೆಲಸ ಮಾಡಿತು. ಗಂಟೆಗೆ ಒಂದೂವರೆ ಲೀಟರ್ ಎಣ್ಣೆ. ಅರ್ಧ ಗಂಟೆಗೆ ಹಂಡೆ ಕಾಯುತ್ತಿತ್ತು. ಕರೆಂಟು ಹೋದರೆ ಎರಡೇ ಕ್ಷಣಕ್ಕೆ ಆರುತ್ತಿತ್ತು. ನಾನೇ ಇಪ್ಪತ್ತು ಸಲ ಸ್ವಿಚ್ ಆರಿಸಿ ನೋಡಿದ ಮೇಲೆ ಅಮ್ಮನಿಗೆ ಕೊಟ್ಟೆ. ಅಮ್ಮ ಮೊದಲು ಹೆದರಿದಳು, ವಾರದಲ್ಲಿ ಒಗ್ಗಿಕೊಂಡಳು. ಬೆಳಗ್ಗೆ ಕೆಮ್ಮು ಕೇಳಿಸುತ್ತಿರಲಿಲ್ಲ. ನಾನು ಹಾಸಿಗೆಯಲ್ಲೇ ಮಲಗಿ ಹೊರಗಿನ ಗುಂಯ್ ಸದ್ದು ಕೇಳುತ್ತಿದ್ದೆ.

ಒಂದು ತಿಂಗಳಾದ ಮೇಲೆ ಹಂಡೆಯ ತಳ ಕೆರೆದು ಚೊಕ್ಕ ಮಾಡಿದೆವು. ಸೌದೆ ಒಲೆಯಾದರೆ ಕರಿ ಮಸಿ ಇರುತ್ತದೆ. ಇಲ್ಲಿ ಮಸಿ ಇಲ್ಲ. ಬದಲಿಗೆ ಹಳದಿ ಛಾಯೆಯ ಬೂದು ಬಣ್ಣದ ಒಂದು ಹೆಕ್ಕಳೆ, ಕೈಯಲ್ಲಿ ಹಿಡಿದರೆ ಪುಡಿಪುಡಿ. ಅಮ್ಮ ಅದನ್ನು ಮೊರದಲ್ಲಿ ತುಂಬಿಕೊಂಡು ಕೇಳಿದಳು, "ಇದನ್ನ ಬಸಳೆ ಬುಡಕ್ಕೆ ಹಾಕ್ಬಹುದನಾ? ಹಿಂದಿನ ವಾರದ್ದು ನುಗ್ಗೆ ಬುಡಕ್ಕೆ ಹಾಕಿದ್ದೆ."

ಅವಳು ಕೇಳಿದ್ದು ಸಹಜ. ಒಲೆ ಬೂದಿ ನಮ್ಮ ಮನೆಯಲ್ಲಿ ಯಾವತ್ತೂ ಕಸ ಆಗಿರಲಿಲ್ಲ. ಪಾತ್ರೆ ತಿಕ್ಕಲು, ತರಕಾರಿ ಗಿಡದ ಹುಳಕ್ಕೆ ಎರಚಲು, ಬೀಜ ಕಟ್ಟಿಡಲು, ಎಲ್ಲಕ್ಕೂ ಬೂದಿ ಬೇಕು. ನನಗೆ ಮಾತ್ರ ಉತ್ತರ ಬರಲಿಲ್ಲ. ಇಷ್ಟು ದಿನ ನಾನು ಹೊಗೆಯನ್ನೇ ನೋಡಿದ್ದೆ. ಹೊಗೆ ಕಾಣದಿದ್ದರೆ ಗೆದ್ದೆ ಅಂದುಕೊಂಡಿದ್ದೆ. ಎಣ್ಣೆ ಪೂರ್ತಿ ಉರಿದರೆ ಇಂಗಾಲ, ಜಲಜನಕ ಗಾಳಿಗೆ ಹೋಗುತ್ತವೆ, ನಿಜ. ಲೋಹ ಎಲ್ಲಿ ಉರಿಯುತ್ತದೆ?

ಎಂಜಿನ್ ಆಯಿಲ್ ಅಂದರೆ ಬರೀ ಎಣ್ಣೆ ಅಲ್ಲ. ಸವೆತ ತಡೆಯಲು ಸತು ಮತ್ತು ರಂಜಕ ಇರುವ ರಾಸಾಯನಿಕ ಹಾಕಿರುತ್ತಾರೆ. ಕೊಳೆ ಕರಗಿಸಲು ಕ್ಯಾಲ್ಸಿಯಂ ಇರುವುದನ್ನು ಹಾಕಿರುತ್ತಾರೆ. ಆ ಎಣ್ಣೆ ಎಂಜಿನ್ನಿನಲ್ಲಿ ಸಾವಿರಾರು ಕಿಲೋಮೀಟರ್ ಸುತ್ತುವಾಗ ಉಂಗುರ, ಬೋರುಗಳಿಂದ ಕಬ್ಬಿಣ ಸೇರುತ್ತದೆ. ಬೇರಿಂಗಿನಿಂದ ತಾಮ್ರ, ತವರ, ಸೀಸ ಸೇರುತ್ತವೆ. ನಾನು ದಿನಾ ಬಿಚ್ಚಿ ನೋಡುವ ಬೇರಿಂಗುಗಳೇ. ಅಪ್ಪನ ಕಾಲದಲ್ಲಿ ಪೆಟ್ರೋಲಿಗೇ ಸೀಸ ಬೆರೆಸುತ್ತಿದ್ದರು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ಇಲ್ಲದ ಪೆಟ್ರೋಲ್ ಬಂತು. ಅದಕ್ಕೆ ಮುಂಚಿನ ಕರಿ ಆಯಿಲ್ ಇನ್ನೂ ಕೆಟ್ಟದ್ದು. ಅದನ್ನೇ ನಾವು ಬರಿಗೈಯಲ್ಲಿ ಬೇಲಿಗೆ ಬಳಿದಿದ್ದೇವೆ.

ಹೊಸ ಆಯಿಲ್ಲನ್ನೇ ಉರಿಸಿ ಅಳೆದರೂ ಸಾಮಾನ್ಯವಾಗಿ ತೂಕದ ನೂರಕ್ಕೆ ಒಂದು ಪಾಲಿನ ಆಸುಪಾಸು ಬೂದಿ ಉಳಿಯುತ್ತದೆ. ನಾನು ಲೆಕ್ಕ ಹಾಕಿದೆ. ದಿನಕ್ಕೆ ಮುಕ್ಕಾಲು ಲೀಟರ್, ತಿಂಗಳಿಗೆ ಇಪ್ಪತ್ತೆರಡು ಲೀಟರ್, ಅಂದರೆ ಸುಮಾರು 20 ಕೆ.ಜಿ. ಎಣ್ಣೆ. ಬೂದಿ 200 ಗ್ರಾಂ ಸಿಗಬೇಕು. ಮೊರದಲ್ಲಿದ್ದದ್ದನ್ನು ಅಡಿಕೆ ತೂಗುವ ಸಣ್ಣ ತಕ್ಕಡಿಯಲ್ಲಿಟ್ಟು ತೂಗಿದೆ. 70 ಗ್ರಾಂ. ಅಮ್ಮ ನುಗ್ಗೆಗೆ ಹಾಕಿದ್ದು ಒಂದು ಹಿಡಿ, ಹೆಚ್ಚೆಂದರೆ 20 ಗ್ರಾಂ. ಉಳಿದ ನೂರಹತ್ತು ಗ್ರಾಂ ಚಿಮಣಿಯಿಂದ ಮೇಲೆ ಹೋಗಿ ನಮ್ಮ ಅಂಗಳ, ನಮ್ಮ ತೋಟ, ಮುಚ್ಚಳ ಇಲ್ಲದ ನಮ್ಮ ಬಾವಿ, ಗೌಡರ ಗದ್ದೆ, ಎಲ್ಲೆಲ್ಲಿ ಇಳಿಯಿತೋ. ನಾನು ಹೆಮ್ಮೆಯಿಂದ ನಿಂತು ನೋಡಿದ ಆ ತಿಳಿಯಾದ ಬಿಸಿಗಾಳಿಯಲ್ಲಿ ಅದೂ ಇತ್ತು. ಕಣ್ಣಿಗೆ ಕಾಣದಷ್ಟು ನುಣ್ಣಗೆ.

ಅವತ್ತು ಸಂಜೆ ಬರ್ನರ್ ಹಚ್ಚಲಿಲ್ಲ. ಆಮೇಲೆ ಆ ಎಣ್ಣೆಯಲ್ಲಿ ಯಾವತ್ತೂ ಹಚ್ಚಿಲ್ಲ.

ಕಾನೂನನ್ನೂ ಆಗಲೇ ಓದಿದ್ದು. ಮೊದಲೇ ಓದಬೇಕಿತ್ತು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅನುಮತಿ ಇರುವವರಿಗೆ ಮಾತ್ರ ಕೊಡಬೇಕು. 2024ರ ಏಪ್ರಿಲ್‌ನಿಂದ ಎಣ್ಣೆ ತಯಾರಿಸಿ ಮಾರುವ ಕಂಪನಿಗಳಿಗೇ ಅದರ ಮರುಬಳಕೆಯ ಹೊಣೆಯನ್ನೂ ಹೊರಿಸಿದ್ದಾರೆ. ಅಮೆರಿಕದಲ್ಲಿ ಗ್ಯಾರೇಜಿನವರು ತಮ್ಮಲ್ಲೇ ಇಳಿಸಿದ ಎಣ್ಣೆಯನ್ನು ತಮ್ಮ ಹೀಟರಿನಲ್ಲಿ ಉರಿಸಲು ಅವಕಾಶ ಇದೆ. ಹೀಟರ್ ಗಂಟೆಗೆ 5 ಲಕ್ಷ ಬಿ.ಟಿ.ಯು. (ಅದು ಅಲ್ಲಿಯ ಶಾಖದ ಅಳತೆ) ಮೀರಬಾರದು, ಹೊಗೆ ಹೊರಗೆ ಹೋಗಬೇಕು, ಹೀಗೆ ಷರತ್ತುಗಳಿವೆ. ನಾನು ನೋಡಿದ ವಿಡಿಯೊಗಳು ಅಲ್ಲಿಯವು. ಅಲ್ಲಿ ಚಳಿಗೆ ಕೈ ಮರಗಟ್ಟುತ್ತದೆ, ಅವರ ಕಷ್ಟ ಅವರದು. ನಮ್ಮಲ್ಲಿ ಚಿಮಣಿಯಿಂದ ಹತ್ತು ಹೆಜ್ಜೆಗೆ ಬಾವಿ, ಅಡಿಕೆ ಒಣಗಿಸುವ ಅಂಗಳ, ದನದ ಹುಲ್ಲು.

ಇನ್ನೊಂದು ವಿಷಯ ತಿಳಿದ ಮೇಲೆ ಉರಿಸಲು ಮನಸ್ಸೇ ಬರಲಿಲ್ಲ. ಎಣ್ಣೆ ಸವೆದುಹೋಗುವುದಿಲ್ಲ, ಕೊಳೆಯಾಗುತ್ತದೆ ಅಷ್ಟೇ. ಬೆರೆಸಿದ ರಾಸಾಯನಿಕಗಳು ಮುಗಿಯುತ್ತವೆ, ಮೂಲ ಎಣ್ಣೆ ಹೆಚ್ಚಿನಂಶ ಹಾಗೇ ಇರುತ್ತದೆ. ಸರಿಯಾದ ಕಾರ್ಖಾನೆಗೆ ಹೋದರೆ ನೀರು, ಪೆಟ್ರೋಲ್ ಅಂಶ ತೆಗೆದು, ನಿರ್ವಾತದಲ್ಲಿ ಬಟ್ಟಿ ಇಳಿಸಿ, ಮತ್ತೆ ಎಂಜಿನ್ನಿಗೆ ಹಾಕುವ ಎಣ್ಣೆ ಮಾಡಬಹುದು. ಅಂಥದ್ದನ್ನು ಅರ್ಧ ಗಂಟೆಯ ಬಿಸಿನೀರಿಗೆ ಸುಟ್ಟೆನಲ್ಲ ಅಂತ ಒಬ್ಬ ಮೆಕ್ಯಾನಿಕ್ ಆಗಿ ಸಂಕಟ ಆಯಿತು. ಈಗ ಲೈಸೆನ್ಸ್ ಇರುವ ಸಂಗ್ರಾಹಕರು ಶಿವಮೊಗ್ಗದಿಂದ ಬರುತ್ತಾರೆ. ಲೀಟರಿಗೆ ಕೊಡುವ ದುಡ್ಡು ಕಮ್ಮಿ. ಹೆಚ್ಚು ಕೊಡುತ್ತೇವೆ ಅಂತ ಚೀಟಿ ಇಲ್ಲದೆ ಕೇಳುವವರೂ ಬರುತ್ತಾರೆ. ಅವರಿಗೆ ಕೊಡುವುದಿಲ್ಲ.

ಆದರೆ ಅಮ್ಮನ ಒಲೆ? ಕೆಮ್ಮು ಮತ್ತೆ ಶುರುವಾಗಿತ್ತು.

ಆ ಒಲೆಯ ಮುಂದೆ ಒಂದು ಬೆಳಗ್ಗೆ ನಾನೇ ಕೂತೆ. ಇಷ್ಟು ದಿನ ಎಣ್ಣೆ ಜೊತೆ ಗುದ್ದಾಡಿದವನ ಕಣ್ಣಿಗೆ ಈಗ ಒಲೆಯ ತಪ್ಪುಗಳು ಒಂದೊಂದಾಗಿ ಕಂಡವು. ಸೌದೆ ನೆಲದ ಮೇಲೆ ಮಲಗಿದೆ, ಕೆಳಗಿನಿಂದ ಗಾಳಿ ಇಲ್ಲ. ಬಾಯಿ ದೊಡ್ಡದು, ತಣ್ಣನೆ ಗಾಳಿ ನುಗ್ಗಿ ಜ್ವಾಲೆಯನ್ನು ಆರಿಸುತ್ತದೆ. ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣನೆ ಹಂಡೆಗೆ ಬಡಿಯುತ್ತದೆ. ಹೊಗೆಗೆ ದಾರಿಯೇ ಇಲ್ಲ. ನನ್ನ ಮೊದಲ ಬ್ರೇಕ್ ಡ್ರಮ್ಮಿನ ತಪ್ಪುಗಳೇ ಇವೆಲ್ಲ.

ಇದನ್ನು ನಮ್ಮವರೇ ನಲವತ್ತು ವರ್ಷಕ್ಕೂ ಹಿಂದೆಯೇ ಯೋಚಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಅನ್ನುವ ಕೇಂದ್ರ ಕಟ್ಟಿದರು, ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದಕ್ಕೆ. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ನಮ್ಮ ಅತ್ತೆಯ ಮನೆಯಲ್ಲಿ ಅದು ಇತ್ತು, ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಚಿಮಣಿ ಇರುವುದು. ಚಿಕ್ಕವನಿದ್ದಾಗ ಅದರ ಬಾಯಿಗೆ ಯಾಕೆ ತಗಡಿನ ಬಾಗಿಲು, ಒಳಗೆ ಯಾಕೆ ಜಾಲರಿ ಅಂತ ಕೇಳಿದ್ದು ನೆನಪಿದೆ. ಉತ್ತರ ಈಗ ಸಿಕ್ಕಿತು.

ಒಲೆ ಒಡೆದು ಹೊಸದಾಗಿ ಕಟ್ಟಿದೆವು. ತಳದಲ್ಲಿ ಕಬ್ಬಿಣದ ಜಾಲರಿ, ಅದರ ಕೆಳಗೆ ಗಾಳಿಯ ಕಿಂಡಿ. ಬೆಂಕಿ ಉರಿಯುವ ಜಾಗಕ್ಕೆ ಇಟ್ಟಿಗೆ, ಇಟ್ಟಿಗೆಯ ಹಿಂದೆ ಸೌದೆ ಬೂದಿ ತುಂಬಿ ಶಾಖ ಹೊರಗೆ ಹೋಗದ ಹಾಗೆ ಮಾಡಿದೆ. ಹಂಡೆಯನ್ನು ಒಂದು ಗೇಣು ಮೇಲೆ ಎತ್ತಿದೆ. ಬರ್ನರಿನಲ್ಲಿ ಕೊರೆದ ಹಾಗೇ ಜ್ವಾಲೆಯ ಎತ್ತರಕ್ಕೆ ಓರೆಯಾಗಿ ಆರು ತೂತು, ಮೇಲಿನ ಗಾಳಿಗೆ. ಹೊಗೆ ಹಂಡೆಯ ಸುತ್ತ ಒಂದು ಸುತ್ತು ಸುತ್ತಿ ಬರ್ನರಿನ ಅದೇ ಚಿಮಣಿಗೆ, ಚೆನ್ನಾಗಿ ಉಜ್ಜಿ ತೊಳೆದ ಮೇಲೆ. ಸೌದೆಗೆ ಒಲೆಯ ಮೇಲೇ ಅಟ್ಟ ಹಾಕಿದೆ, ನಾಳಿನದ್ದು ಇವತ್ತಿನ ಬೆಂಕಿಗೆ ಒಣಗಲಿ ಅಂತ. ಅಡಿಕೆ ಸಿಪ್ಪೆ, ಹಾಳೆ, ತೆಂಗಿನ ಮಟ್ಟೆ, ತೋಟದಲ್ಲಿ ಬಿದ್ದು ಕೊಳೆಯುವುದೇ ಬೇಕಾದಷ್ಟಿದೆ. ಮೊದಲಿನ ಅರ್ಧದಷ್ಟು ಸೌದೆಯೂ ಈಗ ಬೇಡ. ಕರೆಂಟು ಬೇಡವೇ ಬೇಡ. ಹಚ್ಚುವಾಗ ಐದು ನಿಮಿಷ ಹೊಗೆ ಬರುತ್ತದೆ, ಕಾದ ಮೇಲೆ ಇಲ್ಲ. ಗುಂಯ್ ಸದ್ದು ಮಾತ್ರ ಬರುವುದಿಲ್ಲ, ಅದು ಸ್ವಲ್ಪ ಬೇಜಾರು.

ಬರ್ನರ್ ಗ್ಯಾರೇಜಿನಲ್ಲಿದೆ. ಹಿತ್ತಾಳೆ ಗುಂಡನ್ನು ಬಿಚ್ಚಿ ತೊಳೆದು ಮತ್ತೆ ಜೋಡಿಸಿದ್ದೇನೆ. ಹೋದ ತಿಂಗಳು ಊರಿನ ಒಂದು ಮದುವೆಯ ಅಡುಗೆಯವರು ಹಪ್ಪಳ ಕರಿದು ಉಳಿದ ಎಂಟು ಲೀಟರ್ ಎಣ್ಣೆ ಕೊಟ್ಟರು. ಅದನ್ನು ಸೋಸಿ ಹಾಕಿ ನೋಡಿದೆ. ಚೆನ್ನಾಗಿ ಉರಿಯಿತು, ಬೂದಿ ಉಗುರಿನ ತುದಿಯಷ್ಟು. ಆದರೆ ವರ್ಷಕ್ಕೆ ಅಂಥ ಮದುವೆ ಎಷ್ಟು? ಬುಷ್ ಬಿಡಿಸಲು ಕಬ್ಬಿಣ ಕಾಯಿಸುವಾಗ ಬೇಕಾಗುತ್ತದೆ ಅಂತ ಇಟ್ಟುಕೊಂಡಿದ್ದೇನೆ.

ನುಗ್ಗೆ ಮರದ ಬುಡವನ್ನು ಅವತ್ತೇ ಅಗೆದೆ. ಒಂದು ಮೊಳ ಸುತ್ತ, ಗೇಣು ಆಳ. ಎರಡು ಗೊಬ್ಬರದ ಚೀಲ ಮಣ್ಣು ಬಂತು. ಆ 70 ಗ್ರಾಂ ಬೂದಿಯನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳಕ್ಕೆ ಟೇಪ್ ಸುತ್ತಿ ಎಣ್ಣೆಯ ಜೊತೆ ಸಂಗ್ರಾಹಕರಿಗೆ ಕೊಟ್ಟೆ, ತೆಗೆದುಕೊಂಡರು. ಮಣ್ಣಿನ ಚೀಲ ಬೇಡ ಅಂದರು. ಅವು ಬ್ಯಾರಲ್ಲಿನ ಪಕ್ಕ ಹಾಗೇ ಇವೆ, ಮೇಲೆ ತಗಡು ಮುಚ್ಚಿದ್ದೇನೆ. ನುಗ್ಗೆ ಈ ವರ್ಷ ಚೆನ್ನಾಗಿ ಹೂ ಬಿಟ್ಟಿದೆ. ಅಮ್ಮ ಕೊಯ್ಯಲು ಹೋದಾಗ ಈ ಸಲ ಬೇಡ ಅಂದೆ. ಅವಳು ಯಾಕೆ ಅಂತ ಕೇಳಲಿಲ್ಲ, ದೋಟಿಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು.